ಮುಖಪುಟಕ್ಕೆ ಪ್ರಶಸ್ತಿ: ಚಿತ್ರಕ್ಕೋ, ಬರೆದವರಿಗೋ?

1926ರ ಡಿಸೆಂಬರ್‌ನಲ್ಲಿ ಅಮೆರಿಕದ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆ ಓದುಗರಿಗೆ ಒಂದು ಸ್ಪರ್ಧೆ ಇಟ್ಟಿತು. ಆ ತಿಂಗಳ ಮುಖಪುಟದಲ್ಲಿ ಒಂದು ವಿಚಿತ್ರ ಚಿತ್ರ. ಗಾಳಿಯಲ್ಲಿ ತೇಲುತ್ತಿರುವ ದೊಡ್ಡ ಹಡಗು, ಅದನ್ನು ನೋಡುತ್ತ ನಿಂತ ಬೇರೆ ಲೋಕದ ಜನ. ಒಳಪುಟಗಳಲ್ಲಿ ಅದಕ್ಕೆ ಕಥೆಯೇ ಇರಲಿಲ್ಲ. ಈ ಚಿತ್ರಕ್ಕೆ ಹೊಂದುವ ಕಥೆಯನ್ನು ನೀವೇ ಬರೆದು ಕಳಿಸಿ, ಒಟ್ಟು 500 ಡಾಲರ್ ಬಹುಮಾನ ಇದೆ ಎಂದು ಹ್ಯೂಗೋ ಗರ್ನ್ಸ್‌ಬ್ಯಾಕ್ ಅವರ ಪತ್ರಿಕೆ ಸಾರಿತು. ಮೂರನೇ ಬಹುಮಾನ ಕ್ಲೇರ್ ವಿಂಗರ್ ಹ್ಯಾರಿಸ್ ಅವರಿಗೆ ಬಂತು. ಅಮೆರಿಕದ ವಿಜ್ಞಾನ ಕಥೆ ಪತ್ರಿಕೆಗಳಲ್ಲಿ ಸ್ವಂತ ಹೆಸರಿಟ್ಟು ಬರೆದ ಮೊದಲ ಮಹಿಳೆ ಎಂದು ಅವರನ್ನು ಇವತ್ತಿಗೂ ನೆನೆಯುತ್ತಾರೆ.

ಆ ಮುಖಪುಟದ ಚಿತ್ರ ಬರೆದವರು ಫ್ರ್ಯಾಂಕ್ ಆರ್. ಪಾಲ್. ಬಹುಮಾನದ ಹಣದಲ್ಲಿ ಅವರಿಗೆ ಏನೂ ಇರಲಿಲ್ಲ. ಅವರಿಗೆ ಅದು ಆ ತಿಂಗಳ ಕೆಲಸ, ಅಷ್ಟೇ.

ಹತ್ತಿರಹತ್ತಿರ ನೂರು ವರ್ಷ ಆಯಿತು. ಈ ನಡುವೆ ವಿಜ್ಞಾನ ಕಥೆ ಮತ್ತು ಫ್ಯಾಂಟಸಿ ಪತ್ರಿಕೆಗಳ ಮುಖಪುಟಕ್ಕೆ ಹಲವು ಪ್ರಶಸ್ತಿಗಳು ಹುಟ್ಟಿಕೊಂಡಿವೆ. ಆದರೆ ಒಂದು ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಪ್ರಶಸ್ತಿ ಯಾವುದಕ್ಕೆ? ಚಿತ್ರಕ್ಕೋ, ಚಿತ್ರ ಬರೆದವರ ಹೆಸರಿಗೋ, ಅಥವಾ ಒಬ್ಬ ಸಂಪಾದಕ ಮತ್ತು ಒಬ್ಬ ಕಲಾವಿದ ಸೇರಿ ಮಾಡಿದ ಕೆಲಸಕ್ಕೋ? ಇಷ್ಟು ದಿನ ಇದಕ್ಕೆ ಉತ್ತರ ಇಲ್ಲದೆಯೂ ಬಂಡಿ ಓಡುತ್ತಿತ್ತು. ಯಂತ್ರವೇ ಚಿತ್ರ ಕಟ್ಟಿಕೊಡುವ ಕಾಲ ಬಂದ ಮೇಲೆ ಓಡುತ್ತಿಲ್ಲ.

ಮೊದಲು, ವಿಜ್ಞಾನ ಕಥೆಯ ಅಭಿಮಾನಿಗಳು ಮತ ಹಾಕಿ ಆರಿಸುವ ಹ್ಯೂಗೋ ಪ್ರಶಸ್ತಿಯನ್ನೇ ನೋಡೋಣ. ಇದಕ್ಕೆ ಗರ್ನ್ಸ್‌ಬ್ಯಾಕ್ ಅವರದೇ ಹೆಸರು. 1953ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ವರ್ಲ್ಡ್‌ಕಾನ್ ಎಂಬ ಅಭಿಮಾನಿಗಳ ಸಮಾವೇಶದಲ್ಲಿ ಮೊದಲ ಸಲ ಕೊಟ್ಟರು. ಆ ವರ್ಷದ ಪಟ್ಟಿಯಲ್ಲಿ ಒಂದು ಸೊಗಸಾದ ವಿಷಯ ಇದೆ. ಮುಖಪುಟ ಬರೆಯುವವರಿಗೇ ಬೇರೆ ಪ್ರಶಸ್ತಿ, ಒಳಪುಟದ ಕಪ್ಪುಬಿಳುಪು ಚಿತ್ರ ಬರೆಯುವವರಿಗೇ ಬೇರೆ ಪ್ರಶಸ್ತಿ. ಮುಖಪುಟದ್ದು ಹ್ಯಾನಿಸ್ ಬಾಕ್ ಮತ್ತು ಎಡ್ ಎಮ್ಷ್‌ವಿಲ್ಲರ್ ಇಬ್ಬರಿಗೂ ಸಮನಾಗಿ ಬಂತು. ಒಳಚಿತ್ರದ್ದು ವರ್ಜಿಲ್ ಫಿನ್ಲೆ ಅವರಿಗೆ. ಅಂದರೆ ಇವು ಎರಡು ಬೇರೆ ಬೇರೆ ಕಸುಬು ಅನ್ನುವುದು ಆಗಿನವರಿಗೆ ಗೊತ್ತಿತ್ತು. ಒಳಚಿತ್ರ ಕಥೆ ಓದುವವರಿಗೆ. ಮುಖಪುಟ ಇನ್ನೂ ಪತ್ರಿಕೆ ಕೊಳ್ಳದೇ ಇರುವವರಿಗೆ. ನಮ್ಮ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟ ಪತ್ರಿಕೆಗಳನ್ನು ನೆನಪಿಸಿಕೊಳ್ಳಿ. ಬಸ್ಸಿನ ಕಿಟಕಿಯಿಂದಲೇ ಕಣ್ಣಿಗೆ ಬೀಳಬೇಕು, ಇಳಿದು ಬರುವ ಹಾಗೆ ಮಾಡಬೇಕು. ಅಮೆರಿಕದ ಅಂಗಡಿಗಳಲ್ಲೂ ಮುಖಪುಟದ ಕೆಲಸ ಅದೇ ಆಗಿತ್ತು. ಪಾಲ್ ಅವರ ಅಚ್ಚ ಹಳದಿ, ಕೆಂಪು ಆಕಾಶಗಳ ಗುಟ್ಟೂ ಅದೇ.

ಆ ಸ್ಪಷ್ಟತೆ ಒಂದೇ ವರ್ಷಕ್ಕೆ ಮುಗಿಯಿತು. 1954ರಲ್ಲಿ ಹ್ಯೂಗೋ ಕೊಡಲೇ ಇಲ್ಲ. 1955ರಲ್ಲಿ ಮತ್ತೆ ಕೊಟ್ಟಾಗ ಎರಡನ್ನೂ ಸೇರಿಸಿ 'ಉತ್ತಮ ಕಲಾವಿದ' ಎಂದು ಮಾಡಿದರು. ಆಮೇಲೆ ಅದು 'ಉತ್ತಮ ವೃತ್ತಿಪರ ಕಲಾವಿದ' ಆಯಿತು. ಇಂದಿಗೂ ಹಾಗೇ ಇದೆ. ಕಾದಂಬರಿಗೆ ಕೊಡುವಾಗ ಇಂಥ ಕಾದಂಬರಿ ಎಂದು ಹೆಸರಿಸುತ್ತಾರೆ, ಸಣ್ಣಕಥೆಗೂ ಅಷ್ಟೇ. ಚಿತ್ರದ ವಿಷಯಕ್ಕೆ ಬಂದಾಗ ಮಾತ್ರ ಚಿತ್ರ ಮಾಯ, ಆಳು ಮಾತ್ರ ಉಳಿಯುತ್ತಾರೆ.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಫ್ರ್ಯಾಂಕ್ ಕೆಲ್ಲಿ ಫ್ರೀಸ್ ಅವರ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1953ರ ಅಕ್ಟೋಬರ್‌ನ 'ಅಸ್ಟೌಂಡಿಂಗ್' ಪತ್ರಿಕೆಗೆ ಅವರು ಒಂದು ಮುಖಪುಟ ಬರೆದರು. ಬೆಟ್ಟದಂಥ ರೋಬಾಟ್. ಅದರ ಅಂಗೈಯಲ್ಲಿ ಸತ್ತುಬಿದ್ದ ಮನುಷ್ಯ. ರೋಬಾಟಿನ ಮುಖದಲ್ಲಿ ಕ್ರೌರ್ಯ ಇಲ್ಲ, ಆಟಿಕೆ ಮುರಿದುಕೊಂಡು ಅಪ್ಪನ ಹತ್ತಿರ ಬಂದ ಮಗುವಿನ ಕಳೆ ಇದೆ. ಇಪ್ಪತ್ತನಾಲ್ಕು ವರ್ಷ ಕಳೆದ ಮೇಲೆ ಬ್ರಿಟನ್ನಿನ ಕ್ವೀನ್ ಬ್ಯಾಂಡಿನ ಡ್ರಮ್ಮರ್ ರೋಜರ್ ಟೇಲರ್ ತಮ್ಮ ಬಳಿ ಇದ್ದ ಆ ಹಳೆಯ ಸಂಚಿಕೆಯನ್ನು ಜೊತೆಗಾರರಿಗೆ ತೋರಿಸಿದರು. ಬ್ಯಾಂಡಿನವರು ಫ್ರೀಸ್ ಅವರನ್ನೇ ಹುಡುಕಿ, ಸತ್ತ ಮನುಷ್ಯನ ಜಾಗದಲ್ಲಿ ತಮ್ಮನ್ನೇ ಇಟ್ಟು ಅದೇ ಚಿತ್ರವನ್ನು ಮತ್ತೆ ಬರೆಸಿಕೊಂಡರು. 1977ರಲ್ಲಿ ಬಂದ ಅವರ ಆಲ್ಬಮ್ಮಿನ ಹೊದಿಕೆ ಅದೇ. ವಿಜ್ಞಾನ ಕಥೆ ಅಂದರೆ ಏನೆಂದು ಗೊತ್ತಿಲ್ಲದವರೂ ಆ ರೋಬಾಟನ್ನು ನೋಡಿರುತ್ತಾರೆ.

ಆ ಮುಖಪುಟಕ್ಕೆ ಹ್ಯೂಗೋ ಬಂತಾ? ಇಲ್ಲ. ಬರಬೇಕಾಗಿದ್ದ 1954ರಲ್ಲಿ ಪ್ರಶಸ್ತಿಯೇ ಇರಲಿಲ್ಲ. ಹೀಗೆ ತಪ್ಪಿಹೋದ ವರ್ಷಗಳಿಗೆ ಆಮೇಲೆ 'ರೆಟ್ರೋ ಹ್ಯೂಗೋ' ಎಂದು ಕೊಡುವ ಪದ್ಧತಿ ಬಂತು. 2004ರಲ್ಲಿ 1954ರ ಲೆಕ್ಕ ಚುಕ್ತಾ ಮಾಡುವಾಗ ಪ್ರಶಸ್ತಿ ಹೋದದ್ದು ಚೆಸ್ಲಿ ಬೋನ್‌ಸ್ಟೆಲ್ ಅವರಿಗೆ. ತಮಾಷೆ ಇರುವುದು ಇನ್ನೊಂದು ಕಡೆ. 2001ರಲ್ಲಿ ಕೊಟ್ಟ 1951ರ ರೆಟ್ರೋ ಹ್ಯೂಗೋ ಫ್ರೀಸ್ ಅವರಿಗೆ ಬಂತು. ಆ ಪ್ರಶಸ್ತಿ 1950ರ ಕೆಲಸಕ್ಕೆ. ಫ್ರೀಸ್ ಅವರ ಮೊಟ್ಟಮೊದಲ ಮುಖಪುಟ 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ ಬಂದದ್ದೇ 1950ರ ನವೆಂಬರ್‌ನಲ್ಲಿ! ಆಗಷ್ಟೇ ಅಂಗಳಕ್ಕೆ ಇಳಿದಿದ್ದ ಹುಡುಗ ಆ ವರ್ಷದ ಅತ್ಯುತ್ತಮ ಕಲಾವಿದ ಹೇಗಾದ? ಮತ ಹಾಕಿದವರು 1950ರ ಮುಖಪುಟಗಳನ್ನು ಹರವಿಕೊಂಡು ಕೂರಲಿಲ್ಲ. ಪಟ್ಟಿಯಲ್ಲಿ ಗೊತ್ತಿರುವ ಹೆಸರು ಕಂಡಿತು, ಒತ್ತಿದರು. ಇದು ನನ್ನ ಊಹೆಯೇ, ಆದರೆ ಬೇರೆ ಯಾವ ವಿವರಣೆಯೂ ಹೊಂದುವುದಿಲ್ಲ.

ರೆಟ್ರೋ ಬಿಟ್ಟು ಪ್ರತಿವರ್ಷದ ಪ್ರಶಸ್ತಿಗಳ ಲೆಕ್ಕವೂ ಇದನ್ನೇ ಹೇಳುತ್ತದೆ. 1955ರಿಂದ 2004ರವರೆಗಿನ ಐವತ್ತು ವರ್ಷಗಳಲ್ಲಿ ಫ್ರೀಸ್ 10 ಸಲ, ಮೈಕೆಲ್ ವೀಲನ್ 13 ಸಲ, ಬಾಬ್ ಎಗಲ್ಟನ್ 8 ಸಲ ಗೆದ್ದರು. ಮೂವರಿಗೇ 31. ಅವರೆಲ್ಲ ದೊಡ್ಡ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಳಿಗೆ ಮತ ಹಾಕುವ ಪದ್ಧತಿಯಲ್ಲಿ ಹೋದ ವರ್ಷ ಗೆದ್ದವರೇ ಈ ವರ್ಷವೂ ನೆನಪಿಗೆ ಬರುತ್ತಾರೆ. ಇನ್ನೊಂದು ಪಲ್ಲಟವನ್ನೂ ಗಮನಿಸಬೇಕು. ಫ್ರೀಸ್ ಹೆಸರು ಮಾಡಿದ್ದು ಪತ್ರಿಕೆಗಳಿಂದ. ವೀಲನ್ ಅವರ ಹೆಸರು ಮುಖ್ಯವಾಗಿ ಪುಸ್ತಕಗಳ ಹೊದಿಕೆಯಿಂದ. ಪ್ರಶಸ್ತಿಯ ಹೆಸರು ಬದಲಾಗದೇ ಇದ್ದರೂ ಒಳಗಿನ ಸರಕು ಪತ್ರಿಕೆಯಿಂದ ಪುಸ್ತಕಕ್ಕೆ ಜಾರಿತು.

ಹೆಂಗಸರ ಲೆಕ್ಕ ಇನ್ನೂ ಕೆಟ್ಟದಾಗಿದೆ. 1930ರ ದಶಕದಲ್ಲಿ 'ವಿಯರ್ಡ್ ಟೇಲ್ಸ್'ನ ಮುಖಪುಟ ಅಂದರೆ ಮಾರ್ಗರೆಟ್ ಬ್ರಂಡೇಜ್ ಎನ್ನುವ ಹಾಗಿತ್ತು. ಆ ಪತ್ರಿಕೆಗೆ ಅವರು ಬರೆದ ಮುಖಪುಟಗಳು 66, ಎಲ್ಲ ಪ್ಯಾಸ್ಟಲ್ ಬಣ್ಣದ ಕಡ್ಡಿಗಳಲ್ಲಿ. 'ಎಂ. ಬ್ರಂಡೇಜ್' ಎಂದಷ್ಟೇ ಸಹಿ ಹಾಕುತ್ತಿದ್ದರು. ಇದು ಹೆಂಗಸಿನ ಕೈ ಎಂದು ಎಷ್ಟೋ ಓದುಗರಿಗೆ ಗೊತ್ತೇ ಇರಲಿಲ್ಲ. ಹ್ಯೂಗೋದಲ್ಲಾದರೆ ಗಂಡ ಲಿಯೋ ಅವರ ಜೊತೆ ಸೇರಿ 1971ರಲ್ಲಿ ಡಯಾನ್ ಡಿಲನ್ ಗೆದ್ದರು. ಆಮೇಲೆ ಈ ವಿಭಾಗದಲ್ಲಿ ಮತ್ತೊಬ್ಬ ಮಹಿಳೆ ಗೆದ್ದದ್ದು 2014ರಲ್ಲಿ, ಜೂಲಿ ಡಿಲನ್. ಹೆಸರು ಒಂದೇ, ನಂಟು ಇಲ್ಲ. ನಡುವೆ ನಲವತ್ತಮೂರು ವರ್ಷ.

ಚಿತ್ರಕ್ಕೇ ಕೊಡೋಣ ಎಂದು ಹ್ಯೂಗೋದವರೂ ಒಮ್ಮೆ ಪ್ರಯತ್ನ ಮಾಡಿದ್ದರು. 1990ರಲ್ಲಿ 'ಉತ್ತಮ ಮೂಲ ಕಲಾಕೃತಿ' ಎಂಬ ವಿಭಾಗ ತಂದರು. 1996ರ ನಂತರ ಅದನ್ನು ಕೊಡಲಿಲ್ಲ. ಗೆದ್ದವು ಯಾವುವು ಎಂದು ನೋಡಿದರೆ ಕಾದಂಬರಿಗಳ ಹೊದಿಕೆ, ಡೈನೊಸಾರ್‌ಗಳ ಚಿತ್ರಪುಸ್ತಕ, ಕಿನ್ನರಿಯರ ಚಿತ್ರಪುಸ್ತಕ, ಕೊನೆಗೆ ಅಮೆರಿಕದ ಅಂಚೆ ಇಲಾಖೆಯ ಅಂಚೆಚೀಟಿ ಕೂಡ. ಅಂಚೆಚೀಟಿಗೆ ಬಂತು, ಪತ್ರಿಕೆಯ ಮುಖಪುಟಕ್ಕೆ ಒಂದೇ ಒಂದು ಸಲವೂ ಬರಲಿಲ್ಲ.

ಹಾಗಾದರೆ ಪತ್ರಿಕೆಯ ಮುಖಪುಟವನ್ನು ಮುಖಪುಟವಾಗಿಯೇ ಗುರುತಿಸುವವರು ಯಾರು? ಎರಡು ಕಡೆ ಹುಡುಕಬೇಕು. ಒಂದು, ಕಲಾವಿದರೇ ಕಲಾವಿದರಿಗೆ ಕೊಡುವ ಚೆಸ್ಲಿ ಪ್ರಶಸ್ತಿ. 1985ರಲ್ಲಿ ಅಮೆರಿಕದ ವಿಜ್ಞಾನ ಕಥೆ ಮತ್ತು ಫ್ಯಾಂಟಸಿ ಕಲಾವಿದರ ಸಂಘ ಇದನ್ನು ಶುರು ಮಾಡಿತು. ಮರುವರ್ಷ ತೀರಿಹೋದ ಬೋನ್‌ಸ್ಟೆಲ್ ಅವರ ಹೆಸರನ್ನು ಆಮೇಲೆ ಇಟ್ಟರು. ಬೋನ್‌ಸ್ಟೆಲ್ ಒಬ್ಬ ಅಪರೂಪದ ಮನುಷ್ಯ. ಕಟ್ಟಡಗಳ ನಕ್ಷೆ ಬರೆಯುವವರಾಗಿ ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡಕ್ಕೆ ಕೆಲಸ ಮಾಡಿದ್ದರು. ಹಾಲಿವುಡ್‌ನಲ್ಲಿ ಸಿನಿಮಾಗಳ ಹಿನ್ನೆಲೆ ಚಿತ್ರ ಬರೆದಿದ್ದರು. 1944ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಶನಿಗ್ರಹ ಅದರ ಚಂದ್ರರ ಮೇಲಿಂದ ಹೇಗೆ ಕಾಣಬಹುದು ಎಂದು ಬರೆದು ತೋರಿಸಿದರು. ಫೋಟೋ ಅಲ್ಲ ಎಂದು ನಂಬುವುದೇ ಕಷ್ಟ. ಚೆಸ್ಲಿಯಲ್ಲಿ ಗಟ್ಟಿ ರಟ್ಟಿನ ಪುಸ್ತಕ, ಪೇಪರ್‌ಬ್ಯಾಕ್, ಪತ್ರಿಕೆ ಮೂರರ ಮುಖಪುಟಗಳಿಗೂ ಬೇರೆ ಬೇರೆ ವಿಭಾಗಗಳಿವೆ. ಕಸುಬು ಗೊತ್ತಿದ್ದವರು ಮಾತ್ರ ಹೀಗೆ ವಿಂಗಡಿಸುತ್ತಾರೆ.

ಇನ್ನೊಂದು ಕಡೆ ಓದುಗರು. ಹಳೆಯ 'ಅಸ್ಟೌಂಡಿಂಗ್' 1960ರಲ್ಲಿ 'ಅನಾಲಾಗ್' ಆಯಿತು. ಅಲ್ಲಿ ವರ್ಷಕ್ಕೊಮ್ಮೆ 'ಅನ್‌ಲ್ಯಾಬ್' ಎಂಬ ಓದುಗರ ಮತದಾನ ನಡೆಯುತ್ತದೆ. ಅದರಲ್ಲಿ ಉತ್ತಮ ಮುಖಪುಟಕ್ಕೂ ಮತ ಇದೆ. ಇಂಥ ತಿಂಗಳ ಸಂಚಿಕೆಯ ಇಂಥ ಚಿತ್ರ ಎಂದೇ ಹೇಳಬೇಕು. 'ಅಸಿಮೋವ್ಸ್' ಪತ್ರಿಕೆಯ ಓದುಗರೂ ಮುಖಪುಟ ಆರಿಸುತ್ತಾರೆ. ಬಹುಮಾನ ದೊಡ್ಡದೇನಲ್ಲ, ಸುದ್ದಿಯೂ ಆಗುವುದಿಲ್ಲ. ಆದರೂ ನನ್ನ ಮಟ್ಟಿಗೆ ಇದೇ ಅತ್ಯಂತ ಪ್ರಾಮಾಣಿಕ ಪ್ರಶಸ್ತಿ. ಹನ್ನೆರಡು ತಿಂಗಳು ಆ ಪತ್ರಿಕೆಯನ್ನು ಮನೆಗೆ ತರಿಸಿಕೊಂಡವರು ಇದು ನನಗೆ ಇಷ್ಟವಾಯಿತು ಅನ್ನುತ್ತಾರೆ. ಬ್ರಿಟನ್ನಿನ ವಿಜ್ಞಾನ ಕಥೆ ಸಂಘ ಕೊಡುವ ಬಿಎಸ್‌ಎಫ್‌ಎ ಪ್ರಶಸ್ತಿಯೂ ಒಂದು ಕೃತಿಗೇ ಸಲ್ಲುತ್ತದೆ, ಆದರೆ ಅಲ್ಲಿ ಪುಸ್ತಕ, ಪತ್ರಿಕೆ ಎಲ್ಲ ಒಂದೇ ರಾಶಿ.

ಈಗ ಮುಖಪುಟದ ಕೆಲಸವೇ ಬದಲಾಗಿರುವ ವಿಷಯಕ್ಕೆ ಬರೋಣ. ನನ್ನ ಪ್ರಕಾರ ಅಸಲಿ ಗಂಟು ಇರುವುದು ಇಲ್ಲಿ.

ಹಿಂದೆ ಮುಖಪುಟ ಹುಟ್ಟುತ್ತಿದ್ದ ಬಗೆ ಹೀಗಿತ್ತು. ಸಂಪಾದಕ ಕಥೆಯನ್ನು ಕಲಾವಿದರಿಗೆ ಕೊಡುತ್ತಾರೆ. ಕಲಾವಿದರು ಓದಿ ಹೆಬ್ಬೆರಳಿನಷ್ಟು ಚಿಕ್ಕ ಮೂರುನಾಲ್ಕು ಗೀಚುಗಳನ್ನು ತೋರಿಸುತ್ತಾರೆ. ಅದರಲ್ಲಿ ಒಂದನ್ನು ಆರಿಸಿ, ಪತ್ರಿಕೆಯ ಹೆಸರು ಬರುವ ಜಾಗ ಬಿಡಿ, ಬಣ್ಣ ಜಾಸ್ತಿ ಮಾಡಿ ಎಂದು ಸಂಪಾದಕ ಹೇಳುತ್ತಾರೆ. ಆಮೇಲೆ ಬಣ್ಣದ ಕರಡು, ಕೊನೆಗೆ ಅಸಲಿ ಚಿತ್ರ. ಕೆಲವೊಮ್ಮೆ ಇದು ತಿರುವುಮುರುವು ಆಗುತ್ತಿತ್ತು. ಚಿತ್ರ ಮೊದಲು ಕೊಂಡು, ಅದಕ್ಕೆ ತಕ್ಕ ಕಥೆಯನ್ನು ಯಾರಾದರೂ ಬರಹಗಾರರಿಂದ ಬರೆಸುತ್ತಿದ್ದರು. ಹೇಗೇ ಆಗಲಿ, ಇಬ್ಬರು ಕೂತು ಮಾತಾಡಿ ಮಾಡಿದ ಕೆಲಸ ಅದು.

ಇವತ್ತಿನ ಹೆಸರಾಂತ ಪತ್ರಿಕೆಗಳಲ್ಲಿ ಬಹುಪಾಲು ತೆರೆಯ ಮೇಲೇ ಹುಟ್ಟಿದವು. 'ಸ್ಟ್ರೇಂಜ್ ಹೊರೈಜನ್ಸ್' 2000ದಲ್ಲಿ, 'ಕ್ಲಾರ್ಕ್ಸ್‌ವರ್ಲ್ಡ್' 2006ರಲ್ಲಿ, 'ಲೈಟ್‌ಸ್ಪೀಡ್' 2010ರಲ್ಲಿ, 'ಅನ್‌ಕ್ಯಾನಿ' 2014ರಲ್ಲಿ. ಇವುಗಳ ಬಳಿ ದುಡ್ಡು ಕಡಿಮೆ. 2023ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಕಂಪನಿ ತನ್ನ ಇ-ಪುಸ್ತಕ ಸಾಧನವಾದ ಕಿಂಡಲ್‌ನಲ್ಲಿ ಪತ್ರಿಕೆಗಳ ಚಂದಾ ಮಾರುವುದನ್ನೇ ನಿಲ್ಲಿಸಿತು. ಅದನ್ನೇ ನಂಬಿಕೊಂಡಿದ್ದ ಪತ್ರಿಕೆಗಳಿಗೆ ಹೊಟ್ಟೆಗೆ ಹೊಡೆದ ಹಾಗಾಯಿತು. ಕಾಗದದ ಮೇಲೆ ಉಳಿದಿದ್ದ 'ಅನಾಲಾಗ್', 'ಅಸಿಮೋವ್ಸ್' ಮತ್ತು 'ಫ್ಯಾಂಟಸಿ ಅಂಡ್ ಸೈನ್ಸ್ ಫಿಕ್ಷನ್' ಮೂರೂ 2025ರಲ್ಲಿ ಒಂದೇ ಹೊಸ ಮಾಲೀಕರ ಕೈ ಸೇರಿದವು.

ದುಡ್ಡು ಕಡಿಮೆ ಇದ್ದಾಗ ಎಷ್ಟೋ ಸಂಪಾದಕರು ಹೊಸದಾಗಿ ಬರೆಸುವುದಿಲ್ಲ. ಕಲಾವಿದರು ತಮ್ಮ ಖುಷಿಗೆ ಬರೆದು ಆರ್ಟ್‌ಸ್ಟೇಷನ್‌ನಂಥ ಜಾಲತಾಣದಲ್ಲಿ ಹಾಕಿರುವ ಚಿತ್ರಗಳಲ್ಲಿ ಒಂದನ್ನು ಆರಿಸಿ, ಮುಖಪುಟಕ್ಕೆ ಬಳಸುವ ಹಕ್ಕನ್ನು ಮಾತ್ರ ಕೊಳ್ಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಕಲಾವಿದರಿಗೂ ನಾಲ್ಕು ಕಾಸು, ಪತ್ರಿಕೆಗೂ ಚೆಂದದ ಮುಖಪುಟ. ಆದರೆ ಚಿತ್ರ ಮತ್ತು ಕಥೆಯ ನಂಟು ಕಡಿದುಹೋಯಿತು. ಮಾತುಕತೆ ಹೋಯಿತು, ಕರಡುಗಳೂ ಹೋದವು. ಮುಖಪುಟವೇ ಫೋನಿನಲ್ಲಿ ಹೆಬ್ಬೆರಳಿನಷ್ಟು ಆಯಿತು. ಹಿಂದೆ ಚಿತ್ರ ಶುರುವಾಗುತ್ತಿದ್ದ ಅಳತೆಗೆ ಈಗ ಮುಗಿಯುತ್ತದೆ, ಅಲ್ವಾ? ಪ್ರಶಸ್ತಿ ಮಾತ್ರ ಹಳೆಯ ಹೆಸರಿನಲ್ಲೇ ನಡೆಯುತ್ತಿದೆ. ಹಿಂದೆ ಅದು ಬರೆಸಿದ ಕೆಲಸಕ್ಕೆ ಸಿಗುತ್ತಿತ್ತು. ಈಗ ಬಹುಪಾಲು ಆರಿಸಿದ ಚಿತ್ರಕ್ಕೆ ಸಿಗುತ್ತದೆ. ಆರಿಸಿದ್ದು ಸಂಪಾದಕರ ಕಣ್ಣು, ಫಲಕ ಕಲಾವಿದರ ಮನೆಗೆ.

ಇಂಥ ಹೊತ್ತಿನಲ್ಲಿ ಎಐ ಬಂತು. 2022ರ ಆಗಸ್ಟ್‌ನಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಜಾತ್ರೆಯೊಂದರ ಕಲಾಸ್ಪರ್ಧೆಯಲ್ಲಿ ಮಿಡ್‌ಜರ್ನಿ ಎಂಬ ಎಐ ತಂತ್ರಾಂಶದಿಂದ ಮಾಡಿಸಿದ ಚಿತ್ರಕ್ಕೆ ಡಿಜಿಟಲ್ ವಿಭಾಗದ ಮೊದಲ ಬಹುಮಾನ ಬಂತು. ಆ ಚಿತ್ರದ ವಸ್ತು ಏನು ಅಂತೀರಿ? ಬಾಹ್ಯಾಕಾಶದ ಸಂಗೀತ ನಾಟಕ. ಯಂತ್ರಕ್ಕೆ ಈ ಶೈಲಿ ಅಷ್ಟು ಸಲೀಸು ಯಾಕೆ ಎಂದರೆ, ಅದು ನುಂಗಿಕೊಂಡಿರುವ ಚಿತ್ರಗಳಲ್ಲಿ ಇದೇ ಕಲಾವಿದರ ಕೆಲಸವೂ ಇದೆ. ಪೋಲೆಂಡಿನ ಫ್ಯಾಂಟಸಿ ಕಲಾವಿದ ಗ್ರೆಗ್ ರುಟ್ಕೋವ್‌ಸ್ಕಿ ಅವರ ಹೆಸರನ್ನು ಟೈಪ್ ಮಾಡಿ 'ಇವರ ಹಾಗೆ ಬರೆದುಕೊಡು' ಎಂದು ಕೇಳುವುದು ಆ ವರ್ಷ ಒಂದು ಹುಚ್ಚೇ ಆಗಿತ್ತು. 2023ರ ಜನವರಿಯಲ್ಲಿ ಕಾರ್ಲಾ ಒರ್ಟಿಸ್ ಸೇರಿದಂತೆ ಮೂವರು ಕಲಾವಿದರು ಇಂಥ ಯಂತ್ರ ನಡೆಸುವ ಕಂಪನಿಗಳ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ಮರುತಿಂಗಳು 'ಕ್ಲಾರ್ಕ್ಸ್‌ವರ್ಲ್ಡ್' ಸಂಪಾದಕ ನೀಲ್ ಕ್ಲಾರ್ಕ್ ಯಂತ್ರ ಬರೆದ ಕಥೆಗಳ ಪ್ರವಾಹ ತಡೆಯಲಾರದೆ ಕಥೆ ತೆಗೆದುಕೊಳ್ಳುವುದನ್ನೇ ಸ್ವಲ್ಪ ದಿನ ನಿಲ್ಲಿಸಬೇಕಾಯಿತು.

ಪ್ರಶಸ್ತಿಯ ವಿಷಯದಲ್ಲಿ ಪಾಠ ಕಲಿಸಿದ್ದು ಅದೇ ವರ್ಷದ ಇನ್ನೊಂದು ಘಟನೆ. ಬ್ರಿಟನ್ನಿನ ಫ್ಯಾಂಟಸಿ ಲೇಖಕ ಮಾರ್ಕ್ ಲಾರೆನ್ಸ್ ಸ್ವಂತವಾಗಿ ಪ್ರಕಟಿಸಿಕೊಂಡ ಕಾದಂಬರಿಗಳಿಗೆ ಒಂದು ಸ್ಪರ್ಧೆ ನಡೆಸುತ್ತಾರೆ. ಅದರ ಜೊತೆಗೆ ಮುಖಪುಟಗಳಿಗೂ ಸ್ಪರ್ಧೆ ಇತ್ತು. ಎಐ ಚಿತ್ರಕ್ಕೆ ಅವಕಾಶ ಇಲ್ಲ ಎಂಬ ನಿಯಮವೂ ಇತ್ತು. 2023ರಲ್ಲಿ ಗೆದ್ದ ಮುಖಪುಟದ ಬಗ್ಗೆ ಅನುಮಾನ ಎದ್ದಿತು. ಕೆದಕಿದಾಗ ಮಿಡ್‌ಜರ್ನಿ ಬಳಸಿದ್ದು ಹೊರಬಿತ್ತು. ದುಡ್ಡು ಕೊಟ್ಟು ಚಿತ್ರ ಬರೆಸಿಕೊಂಡಿದ್ದ ಲೇಖಕ ಪುಸ್ತಕವನ್ನು ಮುಖಪುಟದ ಸ್ಪರ್ಧೆಯಿಂದ ಹಿಂದಕ್ಕೆ ತೆಗೆದುಕೊಂಡರು. ಲಾರೆನ್ಸ್ ಮುಖಪುಟದ ಸ್ಪರ್ಧೆಯನ್ನೇ ಕೈಬಿಟ್ಟರು. ಮನೆಯಲ್ಲಿ ಕೂತು ಪ್ರೀತಿಗಾಗಿ ನಡೆಸುವವರು ಪತ್ತೇದಾರಿಕೆ ಎಲ್ಲಿ ಮಾಡಲಿ?

ಹಾಗಾಗಿ 'ಎಐ ಬೇಡ' ಎಂದು ನಿಯಮಾವಳಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸಾಲು ಬರೆಯುವುದು ಸುಲಭ, ಸಾಬೀತು ಮಾಡುವವರು ಯಾರು? ಪ್ರಶಸ್ತಿಯ ಹಂತದಲ್ಲಿ ಎದುರಿಗಿರುವುದು ಮುಗಿದ ಚಿತ್ರ ಮಾತ್ರ. ಅದನ್ನು ದಿಟ್ಟಿಸಿ ನೋಡಿ ಹೇಳುವ ಕಾಲ ಮುಗಿಯುತ್ತ ಬಂದಿದೆ. ಯಂತ್ರ ಬರೆದ ಕೈಯಲ್ಲಿ ಆರು ಬೆರಳು ಎಣಿಸಿ ಹಿಡಿಯುತ್ತಿದ್ದ ದಿನಗಳು ಹೋದವು.

ಹಾಗಂತ ಕಾನೂನು ಕೈಕಟ್ಟಿ ಕೂತಿಲ್ಲ. ಬರೀ ಯಂತ್ರ ಮಾಡಿದ ಚಿತ್ರಕ್ಕೆ ಹಕ್ಕುಸ್ವಾಮ್ಯ ಇಲ್ಲ ಎಂದು ಅಮೆರಿಕದ ಕಾಪಿರೈಟ್ ಕಚೇರಿ 2023ರಲ್ಲೇ ಹೇಳಿತು. ಕೊಲರಾಡೊದಲ್ಲಿ ಗೆದ್ದ ಚಿತ್ರದ ಅರ್ಜಿಯನ್ನೂ ಆ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿತು. ಅಂದರೆ ಅಂಥ ಮುಖಪುಟವನ್ನು ಯಾರು ಬೇಕಾದರೂ ಎತ್ತಿಕೊಂಡು ಬಳಸಬಹುದು. ಪತ್ರಿಕೆಯ ಮಾಲೀಕರಿಗೆ ನೀತಿಪಾಠಕ್ಕಿಂತ ಈ ಹೆದರಿಕೆ ಜಾಸ್ತಿ ನಾಟೀತು.

ನನ್ನ ಮಾತು ಇಷ್ಟು. ಚಿತ್ರ ಹೇಗೆ ಹುಟ್ಟಿತು ಎಂಬುದಕ್ಕೆ ಸಾಕ್ಷಿ ಸಿಗುವುದು ಬರೆಸುವ ಹಂತದಲ್ಲಿ. ಅಲ್ಲಿ ಗೀಚು, ಕರಡು, ತಿದ್ದುಪಡಿ ಎಲ್ಲ ತಾನಾಗೇ ಸಂಪಾದಕರ ಮೇಜಿಗೆ ಬರುತ್ತದೆ, ಯಾರೂ ಯಾರನ್ನೂ ಕಳ್ಳರ ಹಾಗೆ ವಿಚಾರಿಸಬೇಕಿಲ್ಲ. ಅಲ್ಲೂ ಮೋಸ ಮಾಡಬಹುದು, ಆದರೆ ಮಾತುಕತೆಯ ನಡುವೆ ಮೋಸ ಮಾಡುವುದು ಕಷ್ಟ. ಬರೆಸುವುದನ್ನು ಬಿಟ್ಟು ಹಕ್ಕು ಕೊಳ್ಳುವುದಕ್ಕೆ ಹೊರಳಿದ ದಿನವೇ ಆ ಸಾಕ್ಷಿ ಕೈತಪ್ಪಿತು. ಎಐ ಬಂದದ್ದು ಆಮೇಲೆ. ಆದ್ದರಿಂದ ಪ್ರಶಸ್ತಿಗಳು ಮಾಡಬೇಕಾದದ್ದು, ಬರೆಸಿದ ಮುಖಪುಟಕ್ಕೂ ಕೊಂಡ ಮುಖಪುಟಕ್ಕೂ ಬೇರೆ ಬೇರೆ ವಿಭಾಗ. ಬರೆಸಿದ್ದಕ್ಕೆ ಕಲಾವಿದರ ಜೊತೆ ಕಲಾ ಸಂಪಾದಕರ ಹೆಸರೂ ಫಲಕದ ಮೇಲೆ ಬರಲಿ, ಕರಡನ್ನು ಅಂತಿಮ ಪಟ್ಟಿಯ ಜೊತೆ ಎಲ್ಲರೂ ನೋಡುವ ಹಾಗೆ ಹಾಕಲಿ. ಮತ ಹಾಕುವವರಿಗೂ ಅದು ಖುಷಿ. ಫ್ರೀಸ್ ಅವರ ರೋಬಾಟಿನ ಮೊದಲ ಗೀಚು ಹೇಗಿತ್ತು ಎಂದು ನೋಡಲು ಯಾರಿಗೆ ಆಸೆಯಿಲ್ಲ?

ಇದರಿಂದ ಬಡ ಪತ್ರಿಕೆಗಳಿಗೆ ಅನ್ಯಾಯ ಆಗುತ್ತದೆ ಎಂಬ ಆಕ್ಷೇಪ ಇದೆ. ಬರೆಸುವ ತಾಕತ್ತು ಇರುವವರಿಗೆ ಮಾತ್ರ ದೊಡ್ಡ ಪ್ರಶಸ್ತಿ, ಉಳಿದವರಿಗೆ ಚಿಕ್ಕದು ಎಂದಾಗುತ್ತದೆ. ಈ ಮಾತಿನಲ್ಲಿ ಹುರುಳಿದೆ, ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಆದರೆ ಪ್ರಶಸ್ತಿ ಬಂದರೆ ಹೊಟ್ಟೆ ತುಂಬುತ್ತದೆ ಎಂದೇನೂ ಇಲ್ಲ. ಮುಖಪುಟಕ್ಕೆಂದೇ ಕೊಟ್ಟ ಮೊದಲ ಹ್ಯೂಗೋ ಹಂಚಿಕೊಂಡ ಹ್ಯಾನಿಸ್ ಬಾಕ್ 1964ರಲ್ಲಿ ಕಡುಬಡತನದಲ್ಲಿ ತೀರಿಕೊಂಡರು, ಐವತ್ತು ವರ್ಷವೂ ತುಂಬಿರಲಿಲ್ಲ.

ಅವರ ಜೊತೆ ಗೆದ್ದ ಎಮ್ಷ್‌ವಿಲ್ಲರ್ ಆಮೇಲೆ ಪ್ರಯೋಗಶೀಲ ಸಿನಿಮಾ ಮತ್ತು ವಿಡಿಯೋ ಕಲೆಗೆ ಹೋದರು. ಮುಖಪುಟ ಬರೆಯುತ್ತಿದ್ದಾಗ ಅವರದೊಂದು ಚೇಷ್ಟೆ ಇತ್ತು. 'ಎಮ್ಷ್' ಎಂಬ ತಮ್ಮ ಸಹಿಯನ್ನು ಮೂಲೆಯಲ್ಲಿ ಹಾಕುವ ಬದಲು ಚಿತ್ರದೊಳಗೇ ಎಲ್ಲಾದರೂ ಅಡಗಿಸುತ್ತಿದ್ದರು. ಓದುಗರು ಅದನ್ನು ಹುಡುಕುತ್ತ ಕೂರುತ್ತಿದ್ದರು. ಚಿತ್ರ ಮಾಡಿಕೊಡುವ ಯಂತ್ರಗಳು ಹೊಸತಾಗಿ ಬಂದಾಗ ಅವುಗಳ ಚಿತ್ರದ ಮೂಲೆಯಲ್ಲೂ ಒಮ್ಮೊಮ್ಮೆ ಸಹಿಯಂಥದ್ದೇನೋ ಕಾಣುತ್ತಿತ್ತು. ಇಂಥ ಚಿತ್ರಗಳಿಗೆ ಮೂಲೆಯಲ್ಲಿ ಏನೋ ಗೀಚಿರುತ್ತಾರೆ ಎಂದು ಯಂತ್ರ ಕಲಿತಿತ್ತು, ತಾನೂ ಗೀಚುತ್ತಿತ್ತು. ಹಿಗ್ಗಿಸಿ ನೋಡಿದರೆ ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ.